ನಗೆಯ ರಂಗದಲ್ಲಿ ಸಾಕ್ರಟೀಸ್

ನವರಸಗಳಲ್ಲಿ ಹಾಸ್ಯಕ್ಕೂ ಗೌರವದ ಸ್ಥಾನವಿದೆ. ದುಃಖದ ಭಾರವನ್ನು ಹಗುರಗೊಳಿಸುವ, ಡಾಂಭಿಕರ ವೇಷವನ್ನು ಕಳಚುವ, ಅಧಿಕಾರಸ್ಥರಿಗೆ ಅವರ ಇತಿಮಿತಿಯನ್ನು ನೆನಪಿಸುವ ಶಕ್ತಿ ಅದಕ್ಕಿದೆ. ಅರಸನ ಎದುರು ನಿಂತು ನೇರವಾಗಿ ಹೇಳಲಾಗದ ಸತ್ಯವನ್ನು ವಿದೂಷಕನು ನಗಿಸುತ್ತ ಹೇಳಿಬಿಡುತ್ತಾನೆ. ಆದರೆ ಅದೇ ನಗೆಯು ಡಾಂಭಿಕನ ಮೇಲೆ ಬೀಳುವ ಬದಲು ಒಬ್ಬ ಸತ್ಯಾನ್ವೇಷಿಯ ಮೇಲೆ ಬಿದ್ದರೆ ಏನಾಗುತ್ತದೆ? ನಕ್ಕ ಜನರು ಮನೆಗೆ ಹೋದ ಮೇಲೆ ಆ ನಗೆಯು ಎಲ್ಲಿ ಉಳಿದುಕೊಳ್ಳುತ್ತದೆ? ಈ ಪ್ರಶ್ನೆಗಳಿಗೆ ಇತಿಹಾಸವು ಒಂದು ನಿದರ್ಶನವನ್ನು ಕಾಯ್ದಿರಿಸಿದೆ. ಅದು ಪ್ರಾಚೀನ ಗ್ರೀಸ್ ದೇಶದ ಅಥೆನ್ಸ್ ನಗರದ್ದು. ಅಲ್ಲಿಯ ಕವಿಯೊಬ್ಬನು ತನ್ನ ಊರಿನವನೇ ಆದ ಜ್ಞಾನಿಯೊಬ್ಬನನ್ನು, ತನ್ನ ಊರಿನ ರಂಗದ ಮೇಲೆಯೇ, ಆ ಜ್ಞಾನಿಯು ಬದುಕಿರುವಾಗಲೇ ನಗೆಯ ವಸ್ತುವನ್ನಾಗಿ ಮಾಡಿದನು. ಕವಿಯ ಹೆಸರು ಅರಿಸ್ಟೊಫನೀಸ್. ಜ್ಞಾನಿಯು ಸಾಕ್ರಟೀಸ್. ನಾಟಕದ ಹೆಸರು ‘ಮೋಡಗಳು’. ಅದು ಆಡಲ್ಪಟ್ಟದ್ದು ಕ್ರಿ.ಪೂ. 423ರ ವಸಂತದಲ್ಲಿ.

ಗ್ರೀಕ್ ರಂಗಭೂಮಿಯು ಕನ್ನಡಿಗರಿಗೆ ತೀರ ಅಪರಿಚಿತವಾದುದಲ್ಲ. ಬಿ.ಎಂ. ಶ್ರೀಕಂಠಯ್ಯನವರು ಈಸ್ಕಿಲಸ್ ಕವಿಯ ನಾಟಕವನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಸೊಫೊಕ್ಲಿಸನ ‘ಅಜಾಕ್ಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ರಚಿಸಿದರು. ಹೀಗೆ ಆ ರಂಗದ ರುದ್ರಗಾಂಭೀರ್ಯವನ್ನು ನಾವು ಬಲ್ಲೆವು. ಆದರೆ ಅದೇ ರಂಗದ ಮೇಲೆ, ಅದೇ ಉತ್ಸವದಲ್ಲಿ, ಹೊಟ್ಟೆ ಹುಣ್ಣಾಗುವಂತೆ ನಗಿಸುವ ಪ್ರಹಸನಗಳೂ ನಡೆಯುತ್ತಿದ್ದವು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ಅಥೆನ್ಸಿನ ಜನರಿಗೆ ನಾಟಕವು ಕೇವಲ ಹೊತ್ತು ಕಳೆಯುವ ಮನರಂಜನೆಯಾಗಿರಲಿಲ್ಲ. ಅದು ಡಯೊನೈಸಸ್ ಎಂಬ ದೇವತೆಯ ಉತ್ಸವದ ಅಂಗವಾಗಿತ್ತು. ಆಕ್ರೊಪೊಲಿಸ್ ಎಂಬ ಕೋಟೆಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಆ ದೇವತೆಯ ಆವರಣವಿತ್ತು. ಅದಕ್ಕೆ ಹೊಂದಿಕೊಂಡು ಬಯಲು ರಂಗವಿತ್ತು. ಸಹಸ್ರಾರು ಜನರು ಹಗಲು ಬೆಳಕಿನಲ್ಲಿ, ತೆರೆದ ಆಕಾಶದ ಕೆಳಗೆ ಕುಳಿತು ನೋಡುತ್ತಿದ್ದರು. ಯಾವ ಕವಿಗೆ ಅವಕಾಶ ಕೊಡಬೇಕೆಂಬುದನ್ನು ಆರ್ಕಾನ್ ಎಂಬ ನಗರಾಧಿಕಾರಿಯು ನಿರ್ಧರಿಸುತ್ತಿದ್ದನು. ಮೇಳದವರ ತರಬೇತಿ ಮತ್ತು ವೇಷಭೂಷಣಗಳ ವೆಚ್ಚವನ್ನು ಒಬ್ಬ ಸಿರಿವಂತ ನಾಗರಿಕನು ಸಾರ್ವಜನಿಕ ಕರ್ತವ್ಯವೆಂದು ಹೊರಬೇಕಾಗಿತ್ತು. ಹಾಸ್ಯನಾಟಕದ ಮೇಳದಲ್ಲಿ 24 ಜನರಿರುತ್ತಿದ್ದರು. ಪಾತ್ರಧಾರಿಗಳೆಲ್ಲರೂ ಪುರುಷರೇ, ಎಲ್ಲರಿಗೂ ಮುಖವಾಡ. ನಾಟಕಗಳ ನಡುವೆ ಸ್ಪರ್ಧೆಯಿತ್ತು. ನಗರದ ಹತ್ತು ಕುಲಗಳಿಂದ ಚೀಟಿ ಎತ್ತಿ ಆರಿಸಿದ ತೀರ್ಪುಗಾರರು ಬಹುಮಾನವನ್ನು ನಿರ್ಣಯಿಸುತ್ತಿದ್ದರು.

ಈ ರಂಗದಲ್ಲಿ ಹಾಸ್ಯಕವಿಗೆ ಇದ್ದ ಸ್ವಾತಂತ್ರ್ಯವು ಬೆರಗು ಹುಟ್ಟಿಸುವಂಥದು. ಊರಿನ ದಂಡನಾಯಕರು, ಸಭೆಯಲ್ಲಿ ಅಬ್ಬರಿಸುವ ನಾಯಕರು, ಕವಿಗಳು, ಪಂಡಿತರು ಇವರೆಲ್ಲರನ್ನೂ ಹೆಸರು ಹಿಡಿದು, ಅವರು ಪ್ರೇಕ್ಷಕರ ನಡುವೆ ಕುಳಿತಿರುವಾಗಲೇ, ಗೇಲಿ ಮಾಡಬಹುದಾಗಿತ್ತು. ಕ್ರಿ.ಪೂ. 424ರಲ್ಲಿ ಅರಿಸ್ಟೊಫನೀಸನು ‘ಕುದುರೆ ಸವಾರರು’ ಎಂಬ ನಾಟಕದಲ್ಲಿ ಅಂದಿನ ಅತ್ಯಂತ ಪ್ರಬಲ ನಾಯಕನಾದ ಕ್ಲಿಯಾನನನ್ನು ಯಜಮಾನನಿಗೆ ಮಂಕುಬೂದಿ ಎರಚುವ ಧೂರ್ತ ಸೇವಕನನ್ನಾಗಿ ಚಿತ್ರಿಸಿದನು. ಜನರು ನಕ್ಕರು, ನಾಟಕಕ್ಕೆ ಪ್ರಥಮ ಬಹುಮಾನವನ್ನೂ ಕೊಟ್ಟರು. ಆದರೆ ಕೆಲವೇ ವಾರಗಳ ತರುವಾಯ ಅದೇ ಜನರು ಅದೇ ಕ್ಲಿಯಾನನನ್ನು ದಂಡನಾಯಕನ ಹುದ್ದೆಗೆ ಆರಿಸಿದರು. ಬಲಶಾಲಿಯಾದವನ ಮೇಲೆ ಬಿದ್ದ ನಗೆಯು ನೀರಿನಲ್ಲಿ ಬರೆದ ಗೆರೆಯಂತೆ ಅಳಿಸಿಹೋಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಮರುವರ್ಷವೇ ‘ಮೋಡಗಳು’ ರಂಗಕ್ಕೆ ಬಂದಿತು. ಅದರ ಕಥೆ ಹೀಗಿದೆ. ಸ್ಟ್ರೆಪ್ಸಿಯಾಡೀಸ್ ಎಂಬ ಹಳ್ಳಿಗಾಡಿನ ಮುದುಕನು ಮಗನ ಕುದುರೆಯ ಹುಚ್ಚಿನಿಂದಾಗಿ ಸಾಲದಲ್ಲಿ ಮುಳುಗಿದ್ದಾನೆ. ರಾತ್ರಿ ನಿದ್ದೆ ಹತ್ತುವುದಿಲ್ಲ. ನೆರೆಮನೆಯೇ ಸಾಕ್ರಟೀಸನ ‘ಚಿಂತನಾಲಯ’. ಅಲ್ಲಿ ಸುಳ್ಳನ್ನು ಸತ್ಯವೆಂದು ಸಾಧಿಸುವ ವಾದವಿದ್ಯೆಯನ್ನು ಹಣ ಪಡೆದು ಕಲಿಸುತ್ತಾರಂತೆ. ಅದನ್ನು ಕಲಿತರೆ ಸಾಲಗಾರರಿಗೆ ಒಂದು ಕಾಸನ್ನೂ ಕೊಡಬೇಕಾಗಿಲ್ಲ ಎಂಬುದು ಮುದುಕನ ಲೆಕ್ಕಾಚಾರ. ಬಾಗಿಲು ತಟ್ಟಿ ಒಳಗೆ ಹೋದರೆ ಶಿಷ್ಯನೊಬ್ಬನು ಗುರುಗಳ ಮಹಾಸಂಶೋಧನೆಗಳನ್ನು ವರ್ಣಿಸುತ್ತಾನೆ. ಚಿಗಟವೊಂದು ತನ್ನ ಪಾದದ ಎಷ್ಟು ಪಟ್ಟು ದೂರ ಹಾರುತ್ತದೆಂದು ತಿಳಿಯಲು ಗುರುಗಳು ಅದರ ಕಾಲುಗಳನ್ನು ಕರಗಿದ ಮೇಣದಲ್ಲಿ ಅದ್ದಿ, ಮೇಣದ ಪಾದರಕ್ಷೆ ತೆಗೆದು, ಅದರಿಂದಲೇ ದೂರವನ್ನು ಅಳೆದರಂತೆ! ಸೊಳ್ಳೆಯ ಗುಂಯ್‌ಗುಟ್ಟುವಿಕೆಯು ಅದರ ಬಾಯಿಂದ ಬರುತ್ತದೆಯೋ ಹಿಂಬದಿಯಿಂದ ಬರುತ್ತದೆಯೋ ಎಂಬುದನ್ನೂ ಇತ್ಯರ್ಥಪಡಿಸಿದರಂತೆ! ಅಷ್ಟರಲ್ಲಿ ಮೇಲಿನಿಂದ ತೂಗಾಡುತ್ತಿರುವ ಬುಟ್ಟಿಯಲ್ಲಿ ಕುಳಿತ ಸಾಕ್ರಟೀಸನು ಕಾಣಿಸಿಕೊಳ್ಳುತ್ತಾನೆ. ನೆಲದ ಮೇಲಿದ್ದರೆ ಉನ್ನತ ವಿಷಯಗಳನ್ನು ಚಿಂತಿಸಲಾಗದು, ಆದುದರಿಂದ ಗಾಳಿಯಲ್ಲಿ ನಡೆಯುತ್ತಿದ್ದೇನೆ ಎಂಬುದು ಅವನ ವಿವರಣೆ. ಮಳೆ ಸುರಿಸುವವನು ಜ್ಯೂಸ್ ದೇವನಲ್ಲ, ಮೋಡಗಳೇ ನಿಜವಾದ ದೇವತೆಗಳು ಎಂದು ಅವನು ಮುದುಕನಿಗೆ ಬೋಧಿಸುತ್ತಾನೆ. ಮೇಳದವರೇ ಆ ಮೋಡದೇವತೆಯರು.

ಮುದುಕನ ತಲೆಗೆ ವಿದ್ಯೆ ಹತ್ತುವುದಿಲ್ಲ. ಬದಲಿಗೆ ಮಗನು ಕಲಿಯಲು ಬರುತ್ತಾನೆ. ಅವನೆದುರು ‘ನ್ಯಾಯದ ವಾದ’ ಮತ್ತು ‘ಅನ್ಯಾಯದ ವಾದ’ ಎಂಬ ಎರಡು ಪಾತ್ರಗಳು ಜಗಳವಾಡುತ್ತವೆ. ಗೆಲ್ಲುವುದು ಅನ್ಯಾಯದ ವಾದವೇ. ಮಗನು ಅದರಲ್ಲಿ ನಿಪುಣನಾಗುತ್ತಾನೆ, ಸಾಲಗಾರರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆದರೆ ಆಮೇಲೆ ಮಗನು ತಂದೆಯನ್ನೇ ಹೊಡೆಯುತ್ತಾನೆ. ಅಷ್ಟೇ ಅಲ್ಲ, ಮಗನು ತಂದೆಯನ್ನು ಹೊಡೆಯುವುದು ಹೇಗೆ ನ್ಯಾಯವೆಂದು ತರ್ಕಬದ್ಧವಾಗಿ ಸಾಧಿಸಿ, ತಾಯಿಯನ್ನೂ ಹೊಡೆಯಬಹುದೆಂದು ಹೇಳುತ್ತಾನೆ. ಕಣ್ತೆರೆದ ಮುದುಕನು ಸೂರಿನ ಮೇಲೇರಿ ಚಿಂತನಾಲಯಕ್ಕೆ ಬೆಂಕಿ ಇಡುವಲ್ಲಿಗೆ ಇಂದು ಉಳಿದಿರುವ ನಾಟಕವು ಮುಗಿಯುತ್ತದೆ.

ಕಥೆಯ ಚಮತ್ಕಾರವನ್ನು ಅಲ್ಲಗಳೆಯುವಂತಿಲ್ಲ. ಮೋಸದ ವಿದ್ಯೆಯನ್ನು ಬಯಸಿದವನಿಗೆ ಆ ವಿದ್ಯೆಯೇ ತಿರುಗಿ ಬಡಿಯುವ ನೀತಿಯೂ ಅದರಲ್ಲಿದೆ. ಆದರೆ ನಿಜವಾದ ಸಾಕ್ರಟೀಸನು ಯಾರು? ಅವನು ಕಲ್ಲುಕೆಲಸದವನ ಮಗ. ತಾಯಿ ಸೂಲಗಿತ್ತಿ. ಅವನು ಯಾವ ಶಾಲೆಯನ್ನೂ ನಡೆಸಲಿಲ್ಲ, ಯಾರಿಂದಲೂ ಶುಲ್ಕ ಪಡೆಯಲಿಲ್ಲ. ಸಂತೆಯಲ್ಲಿ, ವ್ಯಾಯಾಮಶಾಲೆಯಲ್ಲಿ, ಬೀದಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಧೈರ್ಯವೆಂದರೇನು, ನ್ಯಾಯವೆಂದರೇನು, ಭಕ್ತಿಯೆಂದರೇನು ಎಂದು ಕೇಳುತ್ತಿದ್ದನು. ನಾಟಕ ನಡೆದಾಗ ಅವನ ವಯಸ್ಸು ಸುಮಾರು 46. ಹಿಂದಿನ ವರ್ಷದ ಡೀಲಿಯಂ ಯುದ್ಧದಲ್ಲಿ ಅವನು ಕಾಲಾಳಾಗಿ ಹೋರಾಡಿದ್ದನು. ಅಥೆನ್ಸಿನ ಸೈನ್ಯವು ಸೋತು ಚೆದುರಿ ಓಡುವಾಗ ಅವನು ತೋರಿದ ಸ್ಥೈರ್ಯವನ್ನು ಪ್ಲೇಟೋನ ಸಂವಾದಗಳು ಕೊಂಡಾಡುತ್ತವೆ. ನಗರಕ್ಕಾಗಿ ಪ್ರಾಣವನ್ನು ಪಣಕ್ಕಿಟ್ಟು ಹಿಂದಿರುಗಿದವನನ್ನು ನಗರವು ಕೆಲವೇ ತಿಂಗಳುಗಳಲ್ಲಿ ಬುಟ್ಟಿಯಲ್ಲಿ ತೂಗಾಡಿಸಿ ನಕ್ಕಿತು.

ಕವಿಯು ಮಾಡಿದ್ದೇನೆಂದರೆ, ಬೇರೆ ಬೇರೆಯವರ ಗುಣಗಳನ್ನು ಒಟ್ಟುಗೂಡಿಸಿ ಒಬ್ಬನ ಹೆಗಲಿಗೆ ಹೊರಿಸಿದನು. ಹಣ ಪಡೆದು ವಾದವಿದ್ಯೆ ಕಲಿಸುತ್ತಿದ್ದವರು ಪ್ರೊಟಾಗೊರಸ್, ಗೊರ್ಗಿಯಸ್ ಮೊದಲಾದ ಸೋಫಿಸ್ಟರು. ಸೂರ್ಯನು ದೇವರಲ್ಲ, ಉರಿಯುವ ಕಲ್ಲು ಎಂದವನು ಅನಾಕ್ಸಾಗೊರಸ್. ಇವರೆಲ್ಲರೂ ಹೊರಗಿನ ಊರುಗಳಿಂದ ಬಂದವರು. ಸಾಕ್ರಟೀಸನಾದರೋ ಊರಿನವನು. ಚಪ್ಪಟೆ ಮೂಗು, ಉಬ್ಬಿದ ಕಣ್ಣುಗಳು, ಬರಿಗಾಲು, ಒಂದೇ ಹಳೆಯ ಹೊದಿಕೆ ಇವೆಲ್ಲ ಎಲ್ಲರಿಗೂ ಪರಿಚಿತ. ಇಂಥವನನ್ನು ರಂಗದ ಮೇಲೆ ತಂದರೆ ನಗೆಯು ಸುಲಭವಾಗಿ ಉಕ್ಕುತ್ತದೆ. ಹಾಸ್ಯಕ್ಕೆ ಪರಿಚಿತವಾದ ಮುಖ ಬೇಕಾಗಿತ್ತು, ಆ ಮುಖವು ಸಿಕ್ಕಿತು. ವಿಚಾರ ಯಾರದು ಎಂದು ಪರಿಶೀಲಿಸುವುದು ಹಾಸ್ಯದ ಕೆಲಸವಲ್ಲವೆಂದು ಕವಿಯು ಭಾವಿಸಿರಬಹುದು.

ಅಂದಿನ ಸ್ಪರ್ಧೆಯಲ್ಲಿ ‘ಮೋಡಗಳು’ ಗೆಲ್ಲಲಿಲ್ಲ. ಮೂರು ನಾಟಕಗಳಲ್ಲಿ ಅದಕ್ಕೆ ಕೊನೆಯ ಸ್ಥಾನ ದೊರೆಯಿತು. ಎರಡನೆಯ ಸ್ಥಾನವು ಅಮೈಪ್ಸಿಯಸ್ ಎಂಬವನಿಗೆ ಹೋಯಿತು. ಅವನ ನಾಟಕಕ್ಕೆ ‘ಕೊನ್ನಸ್’ ಎಂದು ಹೆಸರು. ಕೊನ್ನಸ್ ಎಂಬುವನು ಸಾಕ್ರಟೀಸನಿಗೆ ವೀಣೆಯನ್ನು ಹೋಲುವ ತಂತಿವಾದ್ಯವನ್ನು ಕಲಿಸಿದವನು. ಮೊದಲ ಬಹುಮಾನವನ್ನು ಗೆದ್ದವನು ಕ್ರಟಿನಸ್ ಎಂಬ ವೃದ್ಧ ಕವಿ. ಇವನ ಗೆಲುವಿನ ಹಿಂದೆ ಒಂದು ಸ್ವಾರಸ್ಯವಿದೆ. ಹಿಂದಿನ ವರ್ಷ ಅರಿಸ್ಟೊಫನೀಸನು ಇವನನ್ನು ಕುಡಿದು ಹಾಳಾದ ಮುದುಕನೆಂದು ಅಪಹಾಸ್ಯ ಮಾಡಿದ್ದನು. ಕ್ರಟಿನಸನು ಕೋಪಗೊಳ್ಳಲಿಲ್ಲ. ‘ಮದ್ಯದ ಬುರುಡೆ’ ಎಂಬ ನಾಟಕವನ್ನು ಬರೆದು ತನ್ನನ್ನೇ ನಾಯಕನನ್ನಾಗಿ ಮಾಡಿಕೊಂಡನು. ಅದರಲ್ಲಿ ಹಾಸ್ಯಕಲೆಯು ಅವನ ಧರ್ಮಪತ್ನಿ. ಗಂಡನು ಕುಡಿತದ ಬೆನ್ನು ಹತ್ತಿ ತನ್ನನ್ನು ಮರೆತನೆಂಬುದು ಅವಳ ದೂರು. ತನ್ನನ್ನು ತಾನೇ ನಗೆಗೆ ಒಡ್ಡಿಕೊಂಡವನು ಗೆದ್ದನು, ಪರರನ್ನು ನಗೆಗೆ ಒಡ್ಡಿದವನು ಸೋತನು. ಆದರೆ ಕ್ರಟಿನಸನಿಗೆ ಉತ್ತರ ಕೊಡಲು ರಂಗವಿತ್ತು. ಸಾಕ್ರಟೀಸನಿಗೆ ಇರಲಿಲ್ಲ.

ಸೋಲಿನಿಂದ ನೊಂದ ಅರಿಸ್ಟೊಫನೀಸನು ಕೆಲವು ವರ್ಷಗಳ ಅನಂತರ ನಾಟಕವನ್ನು ತಿದ್ದಿ ಬರೆದನು. ತನ್ನ ನಾಟಕಗಳಲ್ಲೆಲ್ಲ ಇದೇ ಅತ್ಯಂತ ಜಾಣ್ಮೆಯದೆಂದು, ಪ್ರೇಕ್ಷಕರು ಅದನ್ನು ಅರಿಯದೆ ಹೋದರೆಂದು ಅದರಲ್ಲಿ ದೂರಿದನು. ನಮಗೆ ಉಳಿದು ಬಂದಿರುವುದು ಆ ತಿದ್ದಿದ ಪ್ರತಿಯೇ. ಅದು ಅವನ ಕಾಲದಲ್ಲಿ ರಂಗವನ್ನು ಏರಲಿಲ್ಲ. ಚಿಂತನಾಲಯಕ್ಕೆ ಬೆಂಕಿ ಬೀಳುವ ದೃಶ್ಯವು ತಿದ್ದುವಾಗ ಸೇರಿದ್ದೆಂದು ಪ್ರಾಚೀನ ಟಿಪ್ಪಣಿಕಾರರೇ ತಿಳಿಸಿದ್ದಾರೆ. ಮೊದಲ ಬಾರಿಗಿಂತ ಎರಡನೆಯ ಬಾರಿ ಕವಿಯ ನಗೆಯು ಹೆಚ್ಚು ಕಟುವಾಯಿತೆಂದಾಯಿತು.

ತನ್ನನ್ನು ಹೀಗೆ ಅಪಹಾಸ್ಯ ಮಾಡುತ್ತಿರುವಾಗ ಸಾಕ್ರಟೀಸನು ಏನು ಮಾಡಿದನು? ಸುಮಾರು ಆರು ಶತಮಾನಗಳ ಅನಂತರ ಈಲಿಯನ್ ಎಂಬ ಲೇಖಕನು ಒಂದು ಕಥೆಯನ್ನು ದಾಖಲಿಸಿದ್ದಾನೆ. ಉತ್ಸವಕ್ಕೆ ಬಂದ ಪರದೇಶಿಗಳು ಈ ಸಾಕ್ರಟೀಸ್ ಯಾರು ಎಂದು ತಮ್ಮತಮ್ಮಲ್ಲಿ ಕೇಳಿಕೊಳ್ಳುತ್ತಿರಲು, ಅವನು ತನ್ನ ಆಸನದಿಂದ ಎದ್ದು, ನಾಟಕವು ಮುಗಿಯುವವರೆಗೂ ಎಲ್ಲರಿಗೂ ಕಾಣುವಂತೆ ಮೌನವಾಗಿ ನಿಂತನಂತೆ. ಇದು ಚರಿತ್ರೆಯೋ ದಂತಕಥೆಯೋ ಇಷ್ಟು ತಡವಾದ ದಾಖಲೆಯಿಂದ ನಿರ್ಧರಿಸಲಾಗದು. ಆದರೂ ಮುಂದಿನವರು ಅವನನ್ನು ಹೇಗೆ ನೆನೆದರು ಎಂಬುದಕ್ಕೆ ಇದು ಸಾಕ್ಷಿ. ಮುಖವಾಡವು ಒಂದು ಕಡೆ, ಮುಖವು ಇನ್ನೊಂದು ಕಡೆ. ಎರಡನ್ನೂ ಹೋಲಿಸಿ ನೋಡಿರಿ ಎಂಬುದೇ ಆ ಮೌನದ ಭಾವ.

ಹೋಲಿಸಿ ನೋಡಲು ಜನರಿಗೆ ವ್ಯವಧಾನವಿರಲಿಲ್ಲ. ಕಾಲವೂ ಕೆಟ್ಟಿತು. ಸ್ಪಾರ್ಟಾದೊಡನೆ ಕ್ರಿ.ಪೂ. 431ರಲ್ಲಿ ಆರಂಭವಾದ ಯುದ್ಧವು ಕ್ರಿ.ಪೂ. 404ರಲ್ಲಿ ಅಥೆನ್ಸಿನ ಸೋಲಿನೊಂದಿಗೆ ಮುಗಿಯಿತು. ಗೆದ್ದವರ ಬೆಂಬಲದಿಂದ ಮೂವತ್ತು ಜನರ ಕ್ರೂರ ಆಡಳಿತವು ಸ್ಥಾಪನೆಯಾಗಿ ಅನೇಕ ನಾಗರಿಕರನ್ನು ಕೊಲ್ಲಿಸಿತು. ಅದರ ನಾಯಕನಾದ ಕ್ರಿಟಿಯಸ್ ಒಂದು ಕಾಲದಲ್ಲಿ ಸಾಕ್ರಟೀಸನ ಒಡನಾಟದಲ್ಲಿದ್ದವನು. ಶತ್ರುಪಕ್ಷಕ್ಕೆ ಹೋಗಿದ್ದ ಆಲ್ಸಿಬಯಾಡೀಸನೂ ಹಾಗೆಯೇ. ಆದರೆ ಸಾಕ್ರಟೀಸನು ಆ ಮೂವತ್ತು ಜನರ ಆಜ್ಞೆಯನ್ನೂ ಮೀರಿದ್ದನು. ಲಿಯಾನ್ ಎಂಬ ನಿರಪರಾಧಿಯನ್ನು ಹಿಡಿದು ತರಲು ಅವರು ಹೇಳಿದಾಗ ಅವನು ನೇರವಾಗಿ ಮನೆಗೆ ನಡೆದನು. ಕ್ರಿ.ಪೂ. 403ರಲ್ಲಿ ಪ್ರಜಾಪ್ರಭುತ್ವವು ಮರಳಿತು, ಹಳೆಯ ರಾಜಕೀಯ ತಪ್ಪುಗಳಿಗೆ ಕ್ಷಮೆ ಸಾರಲಾಯಿತು. ಗಾಯ ಮಾತ್ರ ಮಾಯಲಿಲ್ಲ. ಕ್ರಿ.ಪೂ. 399ರಲ್ಲಿ ಮೆಲೀಟಸ್, ಅನೈಟಸ್, ಲೈಕಾನ್ ಎಂಬ ಮೂವರು ಎಪ್ಪತ್ತರ ವೃದ್ಧನ ಮೇಲೆ ಮೊಕದ್ದಮೆ ಹೂಡಿದರು. ನಗರವು ನಂಬುವ ದೇವರನ್ನು ನಂಬುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ ಎಂಬುವು ಆರೋಪಗಳು.

ಶರಣಬಂಧುಗಳು ಈ ಆರೋಪಗಳನ್ನು ನಾಟಕದ ಕಥೆಯೊಂದಿಗೆ ಜೋಡಿಸಿ ನೋಡಬೇಕು. ಜ್ಯೂಸನನ್ನು ತಳ್ಳಿಹಾಕಿ ಮೋಡಗಳನ್ನು ದೇವರೆಂದದ್ದು ರಂಗದ ಸಾಕ್ರಟೀಸ್. ತಂದೆಯನ್ನು ಹೊಡೆಯುವ ಮಗನನ್ನು ತಯಾರಿಸಿದ್ದು ರಂಗದ ಸಾಕ್ರಟೀಸ್. ದಂಡನೆಗೆ ಗುರಿಯಾದದ್ದು ನೆಲದ ಮೇಲಿನ ಸಾಕ್ರಟೀಸ್. ಇದು ನಮ್ಮ ಊಹೆಯಲ್ಲ. ಪ್ಲೇಟೋ ಬರೆದಿಟ್ಟ ‘ಅಪಾಲಜಿ’ ಎಂಬ ಗ್ರಂಥದಲ್ಲಿ ಸಾಕ್ರಟೀಸನು ತನ್ನ ಸಮರ್ಥನೆಯ ಆರಂಭದಲ್ಲಿಯೇ ಈ ಮಾತನ್ನು ಎತ್ತುತ್ತಾನೆ. ತನಗೆ ಎರಡು ಬಗೆಯ ಆರೋಪಿಗಳಿದ್ದಾರೆ, ಎದುರಿಗೆ ನಿಂತಿರುವ ಮೂವರಿಗಿಂತ ಹಳೆಯ ಆರೋಪಿಗಳೇ ಹೆಚ್ಚು ಭಯಂಕರ ಎನ್ನುತ್ತಾನೆ. ಏಕೆಂದರೆ ಅವರು ನ್ಯಾಯಮಂಡಲಿಯ ಸದಸ್ಯರ ಮನಸ್ಸನ್ನು ಎಳವೆಯಲ್ಲಿಯೇ ತುಂಬಿದರು. ಅವರಿಗೆ ಹೆಸರಿಲ್ಲ, ಒಬ್ಬ ಹಾಸ್ಯಕವಿಯ ಹೊರತು. ಅವರನ್ನು ಕಟಕಟೆಗೆ ಕರೆದು ಪ್ರಶ್ನಿಸುವಂತಿಲ್ಲ. ನೆರಳಿನೊಡನೆ ಹೋರಾಡಿದಂತೆ ಹೋರಾಡಬೇಕು. ಗಾಳಿಯಲ್ಲಿ ನಡೆಯುತ್ತೇನೆಂದು ಹೇಳುವ ಸಾಕ್ರಟೀಸನನ್ನು ಅರಿಸ್ಟೊಫನೀಸನ ನಾಟಕದಲ್ಲಿ ನೀವೇ ಕಂಡಿದ್ದೀರಿ ಎಂದು ಅವನು ಸಭೆಗೆ ನೆನಪಿಸುತ್ತಾನೆ. ಅಂಥ ವಿಷಯಗಳನ್ನು ನಾನು ಮಾತನಾಡಿದ್ದನ್ನು ಕೇಳಿದವರು ಯಾರಾದರೂ ಇದ್ದರೆ ಪಕ್ಕದವರಿಗೆ ತಿಳಿಸಿರಿ ಎಂದೂ ಕೋರುತ್ತಾನೆ.

ಲೆಕ್ಕ ಹಾಕಿ ನೋಡಿದರೆ ಅವನ ಮಾತಿನ ತಥ್ಯವು ಅರಿವಾಗುತ್ತದೆ. ನ್ಯಾಯಮಂಡಲಿಯಲ್ಲಿ ಕುಳಿತುಕೊಳ್ಳಲು ಕನಿಷ್ಠ 30 ವರ್ಷ ವಯಸ್ಸಾಗಿರಬೇಕಿತ್ತು. ನಾಟಕಕ್ಕೂ ವಿಚಾರಣೆಗೂ ನಡುವೆ 24 ವರ್ಷಗಳ ಅಂತರ. ಕ್ರಿ.ಪೂ. 399ರಲ್ಲಿ 40 ವರ್ಷದವನಾದ ಸದಸ್ಯನು ಆ ನಾಟಕ ನಡೆದಾಗ 16ರ ಹುಡುಗ. ಅವನು ಸಾಕ್ರಟೀಸನೊಡನೆ ಒಮ್ಮೆಯೂ ಮಾತನಾಡದಿರಬಹುದು, ಬುಟ್ಟಿಯನ್ನು ಮಾತ್ರ ಮರೆತಿರಲಾರನು. ಆ ದಿನ ಸುಮಾರು 500 ಜನರು ತೀರ್ಪಿಗೆ ಕುಳಿತಿದ್ದರು. 30 ಮತಗಳು ಈಚೆಗೆ ಬಂದಿದ್ದರೆ ತಾನು ಬಿಡುಗಡೆ ಹೊಂದುತ್ತಿದ್ದೆನೆಂದು ಸಾಕ್ರಟೀಸನೇ ಹೇಳುತ್ತಾನೆ. ಆ 30 ಜನರಲ್ಲಿ ಎಷ್ಟು ಮಂದಿ ಕಂಡ ಮನುಷ್ಯನನ್ನು ಕುರಿತು ಮತ ಹಾಕಿದರು, ಎಷ್ಟು ಮಂದಿ ಕಂಡ ನಾಟಕವನ್ನು ಕುರಿತು ಮತ ಹಾಕಿದರು? ಅವನಿಗೆ ಮರಣದಂಡನೆಯಾಯಿತು. ಸುಮಾರು ಒಂದು ತಿಂಗಳು ಸೆರೆಯಲ್ಲಿದ್ದು, ಶಿಷ್ಯರೊಡನೆ ತತ್ತ್ವವನ್ನು ಚರ್ಚಿಸುತ್ತಲೇ ಅವನು ವಿಷದ ಬಟ್ಟಲನ್ನು ಕುಡಿದನು.

ಹಾಗಾದರೆ ಸಾಕ್ರಟೀಸನನ್ನು ಕೊಂದವನು ಕವಿಯೇ ಎಂದರೆ ಅದು ಇನ್ನೊಂದು ಅನ್ಯಾಯವಾಗುತ್ತದೆ. ನಾಟಕ ನಡೆದಾಗ ಅವನ ಮೇಲೆ ಯಾರೂ ದೂರು ಕೊಡಲಿಲ್ಲ. ಸೋಲಿನ ಸಂಕಟ, ಕ್ರಿಟಿಯಸನ ನೆನಪು, ಪ್ರಶ್ನೆಗಳಿಂದ ನೊಂದ ಪ್ರತಿಷ್ಠಿತರ ಸೇಡು ಇವೆಲ್ಲ ಕೂಡಿ ಬರದಿದ್ದರೆ ಹಳೆಯ ನಗೆಯೊಂದೇ ಅವನನ್ನು ಸೆರೆಮನೆಗೆ ಒಯ್ಯುತ್ತಿರಲಿಲ್ಲ. ನಾಟಕವು ಮಾಡಿದ್ದು ಇಷ್ಟೇ: ಭಯಗೊಂಡ ಜನರಿಗೆ ಒಬ್ಬ ಅಪರಾಧಿಯ ಚಿತ್ರವು ಬೇಕಾದಾಗ, ಅದು ಮೊದಲೇ ಬರೆದು ಸಿದ್ಧವಾಗಿತ್ತು.

ಹಾಸ್ಯದ ಇನ್ನೊಂದು ಮುಖವನ್ನೂ ಇಲ್ಲಿ ಹೇಳಬೇಕು. ಕ್ರಿ.ಪೂ. 405ರಲ್ಲಿ ಅದೇ ಅರಿಸ್ಟೊಫನೀಸನು ‘ಕಪ್ಪೆಗಳು’ ಎಂಬ ನಾಟಕವನ್ನು ರಚಿಸಿದನು. ಅದರಲ್ಲಿ ಡಯೊನೈಸಸ್ ದೇವನು ಪಾತಾಳಕ್ಕೆ ಇಳಿದು, ಗತಿಸಿದ ಕವಿಗಳಾದ ಈಸ್ಕಿಲಸ್ ಮತ್ತು ಯೂರಿಪಿಡೀಸರ ನಡುವೆ ಸ್ಪರ್ಧೆ ನಡೆಸುತ್ತಾನೆ. ಪದ್ಯಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ದೃಶ್ಯವಂತೂ ಬಹು ವಿನೋದಕರ. ಆ ನಾಟಕದ ನಡುವೆ ಮೇಳವು ಜನರನ್ನು ನೇರವಾಗಿ ಸಂಬೋಧಿಸಿ, ಹಿಂದಿನ ಗಲಭೆಯಲ್ಲಿ ತಪ್ಪು ಹೆಜ್ಜೆಯಿಟ್ಟು ಹಕ್ಕು ಕಳೆದುಕೊಂಡ ನಾಗರಿಕರನ್ನು ಮತ್ತೆ ಸಮಾನರಾಗಿ ಸ್ವೀಕರಿಸಿರೆಂದು ಬೇಡುತ್ತದೆ. ಈ ಬುದ್ಧಿವಾದಕ್ಕಾಗಿಯೇ ನಾಟಕವನ್ನು ಎರಡನೆಯ ಬಾರಿ ಆಡುವ ಅಪರೂಪದ ಗೌರವವು ದೊರೆಯಿತು. ಅದೇ ವರ್ಷದ ಕೊನೆಗೆ ಅಂಥವರಲ್ಲಿ ಬಹುಮಂದಿಗೆ ಹಕ್ಕುಗಳನ್ನು ಮರಳಿಸುವ ಶಾಸನವೂ ಬಂದಿತು. ಒಬ್ಬನೇ ಕವಿ, ಒಂದೇ ಊರಿನ ಜನ. ಒಮ್ಮೆ ನಗೆಯು ಹೊರಗಿಟ್ಟವರನ್ನು ಒಳಗೆ ಕರೆಯಿತು, ಇನ್ನೊಮ್ಮೆ ಒಳಗಿದ್ದವನನ್ನು ಹೊರಗಿಟ್ಟಿತು. ಆದರೂ ‘ಕಪ್ಪೆಗಳು’ ನಾಟಕದ ಕೊನೆಯಲ್ಲಿ ಸಾಕ್ರಟೀಸನ ಪಕ್ಕ ಕುಳಿತು ಹರಟುವವರ ಮೇಲೆ ಒಂದು ಚಾಟಿಯೇಟು ಇದ್ದೇ ಇದೆ.

ಶಿಷ್ಯನಾದ ಪ್ಲೇಟೋ ಈ ಕವಿಯನ್ನು ಹೇಗೆ ಕಂಡನು ಎಂಬುದು ನಮಗೆ ದೊಡ್ಡ ಪಾಠ. ಗುರುವಿನ ಮರಣಕ್ಕೆ ನೆರವಾದ ನಾಟಕವನ್ನು ಬರೆದವನನ್ನು ಅವನು ದ್ವೇಷಿಸಬಹುದಾಗಿತ್ತು. ಆದರೆ ತನ್ನ ‘ಸಿಂಪೋಸಿಯಂ’ ಎಂಬ ಕೃತಿಯಲ್ಲಿ, ಕ್ರಿ.ಪೂ. 416ರಲ್ಲಿ ನಡೆದುದೆಂದು ಹೇಳಲಾದ ಔತಣಕೂಟದಲ್ಲಿ, ಅವನು ಅರಿಸ್ಟೊಫನೀಸನನ್ನೂ ಸಾಕ್ರಟೀಸನನ್ನೂ ಒಟ್ಟಿಗೆ ಕೂರಿಸಿದ್ದಾನೆ. ಪ್ರೇಮವನ್ನು ಕುರಿತ ಅತ್ಯಂತ ಸ್ಮರಣೀಯವಾದ ಕಥೆಗಳಲ್ಲೊಂದನ್ನು ಅರಿಸ್ಟೊಫನೀಸನ ಬಾಯಿಂದಲೇ ಹೇಳಿಸಿದ್ದಾನೆ. ಬೆಳಗಿನ ಜಾವದಲ್ಲಿ ಉಳಿದವರೆಲ್ಲ ಮಲಗಿರುವಾಗ ಸಾಕ್ರಟೀಸನು ಅರಿಸ್ಟೊಫನೀಸನಿಗೂ ಅಗಾಥಾನನಿಗೂ, ಹಾಸ್ಯ ಬರೆಯಬಲ್ಲವನೇ ದುರಂತವನ್ನೂ ಬರೆಯಬಲ್ಲನು ಎಂದು ವಿವರಿಸುತ್ತಿರುತ್ತಾನೆ. ಕೇಳುತ್ತ ಕೇಳುತ್ತ ಹಾಸ್ಯಕವಿಯು ನಿದ್ದೆ ಹೋಗುತ್ತಾನೆ. ಸಾಕ್ರಟೀಸನು ಮಾತ್ರ ಎಚ್ಚರವಾಗಿದ್ದು, ಬೆಳಗಾದ ಮೇಲೆ ಎದ್ದು ಮಿಂದು ತನ್ನ ಎಂದಿನ ಕಾಯಕಕ್ಕೆ ತೆರಳುತ್ತಾನೆ.

ನಗಬೇಡಿರೆಂದು ಈ ಇತಿಹಾಸವು ನಮಗೆ ಹೇಳುವುದಿಲ್ಲ. ಕ್ಲಿಯಾನನಂಥವರನ್ನು ಕಂಡು ನಗದ ಸಮಾಜವು ಅಂಜಿಕೆಯಲ್ಲಿ ಬಾಳುತ್ತದೆ. ಆದರೆ ನಕ್ಕಿದ್ದನ್ನೇ ತಿಳಿದದ್ದೆಂದು ಎಣಿಸಬಾರದು. ಒಬ್ಬರ ನಡೆಯನ್ನು ಕಾಣದೆ, ನುಡಿಯನ್ನು ಕೇಳದೆ, ಪರಿಹಾಸದಲ್ಲಿ ಕಂಡ ಅವರ ಚಿತ್ರವನ್ನೇ ಅವರೆಂದು ನಂಬಿದಾಗ ನಮ್ಮೊಳಗೂ ಆ 500 ಜನರಲ್ಲಿ ಒಬ್ಬನು ಕುಳಿತಿರುತ್ತಾನೆ. ಅಂದು ಒಂದು ಚಿತ್ರವು ಊರಿಡೀ ಹರಡಿ ಬೇರೂರಲು ವರುಷಗಳು ಬೇಕಾದವು. ಇಂದು ಅಂಗೈಯ ಯಂತ್ರದಲ್ಲಿ ಅದಕ್ಕೆ ಒಂದು ಗಳಿಗೆ ಸಾಕು. ಆದುದರಿಂದ ಯಾರನ್ನಾದರೂ ಕುರಿತ ಅಪಹಾಸ್ಯವು ಕಿವಿಗೆ ಬಿದ್ದಾಗ, ಅವರನ್ನು ನಾನು ನಿಜವಾಗಿ ಬಲ್ಲೆನೇ ಎಂದು ಒಮ್ಮೆ ಕೇಳಿಕೊಂಡು, ಆಮೇಲೆ ಮುಂದಿನವರಿಗೆ ದಾಟಿಸುವ ವಿವೇಕವು ನಮಗೆಲ್ಲರಿಗೂ ಲಭಿಸಲಿ.